ಹೊಸ ನಾಳ ಹಿಗ್ಗುವುದಿಲ್ಲವೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: 'ತಂದೆಯವರ ಮಹಾಪಧಮನಿ, ಅಂದರೆ ಅಯೋರ್ಟಾ, ಉಬ್ಬಿತ್ತು. ಹೃದಯದ ಹತ್ತಿರದ ಭಾಗ ತೆಗೆದು ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ನಾಳ ಹಾಕಿದ್ದಾರೆ. ಈಗ ಬಿಪಿಯ ಮೇಲಿನ ಅಂಕಿ ಜಾಸ್ತಿ, ಕೆಳಗಿನದು ಕಡಿಮೆ. ಬೇಸರವಾಗಿ ಅಪ್ಪ ಆಗಾಗ ಮಾತ್ರೆ ಬಿಡುತ್ತಾರೆ. ಕೇಳಿದರೆ ಆಪರೇಷನ್ ಸಕ್ಸಸ್ ಅಂತಾರೆ. ಹೊಸ ನಾಳ ಹಿಗ್ಗುವುದಿಲ್ಲವೇ?'

ಇಲ್ಲ ಅಂತಲೇ ಹೇಳಬೇಕು. ಡಾಕ್ಟರೇ ಮೊದಲು ಹೇಳಬೇಕಿದ್ದ ಮಾತನ್ನು ನೀವು ಕೇಳಿದ್ದೀರಿ, ಭೇಷ್.

ಆಪರೇಷನ್ ಬೇಕಿತ್ತು, ಎರಡು ಮಾತಿಲ್ಲ. ಉಬ್ಬಿದ ನಾಳ ಒಡೆದರೆ ಆಸ್ಪತ್ರೆ ತಲುಪುವಷ್ಟು ಸಮಯವೂ ಎಷ್ಟೋ ಜನಕ್ಕೆ ಸಿಗುವುದಿಲ್ಲ. ವಯಸ್ಸಿಗೂ ನಾಳ ಬಿರುಸಾಗುತ್ತದೆ, ಅದೂ ನಿಜ.

ಆದರೆ ಮಹಾಪಧಮನಿ ಬರೀ ಪೈಪ್ ಅಲ್ಲ. ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ಆರೋಗ್ಯವಾದ ಮಹಾಪಧಮನಿ ಹಿಗ್ಗಿ ಅದರಲ್ಲಿ ಅರ್ಧದಷ್ಟನ್ನು ಹಿಡಿದಿಡುತ್ತದೆ. ಹೃದಯ ಸಡಿಲಾದಾಗ ಕುಗ್ಗಿ ಮುಂದೆ ನೂಕುತ್ತದೆ. ಹೃದಯದ ಸ್ವಂತ ಗೋಡೆಗೆ ರಕ್ತ ಹೆಚ್ಚಾಗಿ ಸಿಗುವುದು ಆ ಬಿಡುವಿನಲ್ಲೇ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1733ರಲ್ಲೇ ಇದನ್ನು ಬೆಂಕಿ ಆರಿಸುವ ಪಂಪಿನ ಗಾಳಿಡಬ್ಬಿಗೆ ಹೋಲಿಸಿದ್ದರು. ಪಂಪು ಬಿಟ್ಟುಬಿಟ್ಟು ಒತ್ತಿದರೂ ನೀರು ಒಂದೇ ಸಮ ಬರುವುದು ಆ ಡಬ್ಬಿಯಿಂದ.

1950ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್ ಮೈಕೆಲ್ ಡಿಬೇಕಿ ಅಂಗಡಿಯಲ್ಲಿ ನೈಲಾನ್ ಸಿಗದೆ ಡೇಕ್ರಾನ್ ಬಟ್ಟೆ ತಂದು, ಮನೆಯ ಹೊಲಿಗೆ ಯಂತ್ರದಲ್ಲಿ ನಾಳ ಹೊಲಿದರು. ಆ ಬಟ್ಟೆ ಗಟ್ಟಿ, ಬಾಳಿಕೆಯದು. ನೆರಿಗೆಗಳಿರುವುದರಿಂದ ಬಾಗುತ್ತದೆ, ಆದರೆ ಅಗಲಕ್ಕೆ ಹಿಗ್ಗುವುದು ತೀರಾ ಕಡಿಮೆ. ಅದಕ್ಕೇ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಮಹಾಪಧಮನಿಗೆ ರಕ್ತ ತಳ್ಳುವ ಹೃದಯದ ಕೋಣೆಗೆ, ಅಂದರೆ ಎಡ ಹೃತ್ಕುಕ್ಷಿಗೆ, ದುಡಿತ ಹೆಚ್ಚಿ ಗೋಡೆ ದಪ್ಪವಾಗಬಹುದು. ಉಳಿದ ಹಳೆಯ ನಾಳದ ಮೇಲೂ ಹೊಡೆತ ಜೋರು. 2006ರಲ್ಲಿ 97ರ ಡಿಬೇಕಿಯವರಿಗೇ ಡೇಕ್ರಾನ್ ನಾಳ ಹಾಕಿದರು. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಬದುಕಿದರು.

ಹೀಗಿರುವಾಗ ತಂದೆಯವರು ಮಾತ್ರೆ ಬಿಡುವುದನ್ನು ನೀವು ನೋಡಿಕೊಂಡು ಸುಮ್ನಿರಬಹುದೇ? ದಯವಿಟ್ಟು ಬೇಡ.

ನನ್ನ ಸಿಟ್ಟು ಆಸ್ಪತ್ರೆಗಳ ಮೇಲೆ. ನಮ್ಮ ಚಿಕ್ಕಪ್ಪನ ಡಿಸ್ಚಾರ್ಜ್ ಸಮ್ಮರಿಯಲ್ಲಿ ನಾಳದ ಅಳತೆ 28 ಮಿ.ಮೀ. ಅಂತಿದೆ, ಹೊಲಿಗೆ ದಾರದ ನಂಬರೂ ಇದೆ. ಬಿಪಿ ಹೀಗಾಗಬಹುದು ಅನ್ನುವ ಒಂದು ಸಾಲಿಲ್ಲ. ಎಲ್ಲ ಇಂಗ್ಲಿಷ್. ಚಿಕ್ಕಮ್ಮ ಅದನ್ನು ಸೀರೆ ಅಂಗಡಿಯ ಕವರಿನಲ್ಲಿ ಜೋಪಾನ ಮಾಡಿದ್ದಾರೆ, ಓದಲಾರರು. ಲಕ್ಷಗಟ್ಟಲೆ ಬಿಲ್ ಮಾಡುವವರಿಗೆ ಕನ್ನಡದಲ್ಲಿ ಅರ್ಧ ಪುಟ ಬರೆದುಕೊಡಲು ಏನು ಕಷ್ಟ?

ಮನೆಯಲ್ಲಿ ನೋಡಿದ ಬಿಪಿಯನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ, ಹೃದಯದ ಗೋಡೆ ದಪ್ಪವಾಗಿದೆಯೇ, ಉಳಿದ ನಾಳದ ಸ್ಕ್ಯಾನ್ ಯಾವಾಗ ಅಂತ ಕೇಳಿ. ಉತ್ತರವನ್ನು ಕನ್ನಡದಲ್ಲೇ ಬರೆಸಿಕೊಳ್ಳಿ, ಸಂಕೋಚ ಬೇಡ.