ನವಾಹೊ ನೇಯ್ಗೆಯನ್ನು ಹೊರಗಿನವರು ಕಲಿಯಬಹುದೇ? ಒಳ್ಳೆಯ ನೇಯ್ಗೆಯನ್ನು ಗುರುತಿಸುವುದು ಹೇಗೆ?

ಮಗಳ ಮನೆಗೆಂದು ಫೀನಿಕ್ಸ್‌ಗೆ ಬರುತ್ತಿದ್ದೀರಿ, ಇರುವಷ್ಟು ದಿನದಲ್ಲಿ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನೇಯ್ಗೆಯನ್ನು ಸ್ವಲ್ಪವಾದರೂ ಕಲಿಯುವ ಆಸೆಯಿದೆ, ಆದರೆ ಅವರ ಕಲೆಗೆ ನಾವು ಕೈ ಹಾಕುವುದು ಸರಿಯೇ ಎಂಬ ಅಳುಕೂ ಇದೆ ಎಂದು ಬರೆದಿದ್ದೀರಿ. ಕೊಳ್ಳುವಾಗ ಅಸಲಿಯನ್ನು ಗುರುತಿಸುವುದು ಹೇಗೆ ಅಂತಲೂ ಕೇಳಿದ್ದೀರಿ. ನಾನು ಅರಿಜೋನಾದಲ್ಲಿ ಹಲವು ವರ್ಷಗಳಿಂದ ಇದ್ದೇನೆ, ಒಬ್ಬ ನವಾಹೊ ಹಿರಿಯರ ಬಳಿ ಕೂತು ಈ ನೇಯ್ಗೆ ಕಲಿಯುತ್ತಿದ್ದೇನೆ. ಧಾರಾಳವಾಗಿ ಕಲಿಯಿರಿ. ಆದರೆ ಅವರಿಂದಲೇ ಕಲಿಯಿರಿ, ಮತ್ತು ಚಿತ್ತಾರದಿಂದಲ್ಲ, ಮಗ್ಗದಿಂದ ಶುರುಮಾಡಿ. ಮಗ್ಗ ಅರ್ಥವಾದರೆ ನಿಮ್ಮ ಎರಡನೆಯ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ಈ ಮಗ್ಗ ನೆಟ್ಟಗೆ ನಿಂತಿರುತ್ತದೆ. ಕಾಲಲ್ಲಿ ತುಳಿಯುವ ಮಣೆ ಇಲ್ಲ, ಆಚೆಯಿಂದೀಚೆಗೆ ಹಾರುವ ಲಾಳಿಯೂ ಇಲ್ಲ. ಎರಡು ಕೋಲುಗಳ ನಡುವೆ ಒಂದೇ ಎಳೆಯನ್ನು, ಎಲ್ಲೂ ಕಡಿಯದೆ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತುತ್ತಾ ಹೋಗುತ್ತಾರೆ. ಅದೇ ಹಾಸು, ಅಂದರೆ ಉದ್ದದ ಎಳೆಗಳು. ಆಮೇಲೆ ಮೇಲಂಚು ಕೆಳಅಂಚುಗಳಲ್ಲಿ ಹುರಿಯನ್ನು ಹೆಣೆದು ಎಳೆಗಳ ಅಂತರ ಕೂರಿಸಿ, ಆ ಹುರಿಯನ್ನು ಮಗ್ಗದ ಅಡ್ಡಕೋಲುಗಳಿಗೆ ಬಿಗಿಯುತ್ತಾರೆ. ಹೀಗಾಗಿ ಬಟ್ಟೆಯ ಉದ್ದಗಲ ಮೊದಲ ದಿನವೇ ತೀರ್ಮಾನವಾಗಿಬಿಡುತ್ತದೆ. ನಮ್ಮ ಸೀರೆಯನ್ನು ಮಗ್ಗದಿಂದ ಕತ್ತರಿಸಿ ತೆಗೆದು, ಸೆರಗಿನಲ್ಲಿ ಉಳಿದ ಹಾಸಿನ ಎಳೆಗಳಿಗೆ ಕುಚ್ಚು ಕಟ್ಟುತ್ತೇವಲ್ಲ, ಇಲ್ಲಿ ಹಾಗೆ ಕತ್ತರಿಸುವ ಮಾತೇ ಇಲ್ಲ. ನಾಲ್ಕೂ ಅಂಚು ಮುಗಿದ ಅಂಚುಗಳೇ.

ಇದರ ಬೆಲೆ ಗೊತ್ತಾಗುವುದು ಕೊನೆಯ ಕೆಲವು ಇಂಚುಗಳಲ್ಲಿ. ಕೆಳಗಿನಿಂದ ನೇಯುತ್ತಾ ಮೇಲೆ ಹೋದಂತೆ ಜಾಗ ಕಿರಿದಾಗುತ್ತದೆ, ಹಾಸು ಬಿಗಿಯುತ್ತದೆ. ಎಳೆಗಳನ್ನು ಬಿಡಿಸಿ ಹಿಡಿಯುವ ಕತ್ತಿಯಂಥ ಮರದ ಪಟ್ಟಿ ಒಳಗೆ ಹೋಗುವುದಿಲ್ಲ. ಅದಕ್ಕಿಂತ ತೆಳುವಾದ ಪಟ್ಟಿ ಬರುತ್ತದೆ, ಆಮೇಲೆ ಸಣ್ಣ ಕಡ್ಡಿ, ಕಟ್ಟಕಡೆಗೆ ಸೂಜಿ. ಅಂಗೈಯಗಲ ನೇಯಲು ಸಾಕಾಗುತ್ತಿದ್ದ ಹೊತ್ತು ಇಲ್ಲಿ ಒಂದೆರಡು ಸಾಲಿಗೆ ಹೋಗುತ್ತದೆ. ಅಲ್ಲಿಯೂ ಹೊಕ್ಕು, ಅಂದರೆ ಅಡ್ಡ ಎಳೆ, ಕೆಳಗಿನಷ್ಟೇ ಒತ್ತಾಗಿ ಕೂತಿದ್ದರೆ, ಅಂಚು ಒಳಕ್ಕೆ ಸೊರಗದೆ ನೇರವಾಗಿದ್ದರೆ, ನೇಯ್ದವರು ದೊಡ್ಡ ಕೈ ಎಂದು ತಿಳಿಯಿರಿ. ನಾನು ಯಾವ ನವಾಹೊ ನೇಯ್ಗೆಯನ್ನು ನೋಡಿದರೂ ಕಣ್ಣು ಮೊದಲು ಹೋಗುವುದು ಮೇಲಂಚಿಗೆ. ನಡುವಿನ ಚಿತ್ತಾರ ನೋಡುವುದು ಆಮೇಲೆ.

ಹಾಸು ಹೊರಗೆ ಕಾಣುವುದೇ ಇಲ್ಲ, ಹೊಕ್ಕು ಅದನ್ನು ಪೂರ್ತಿ ಮುಚ್ಚುತ್ತದೆ. ಒಂದೊಂದು ಬಣ್ಣದ ತುಂಡಿಗೂ ಬೇರೆ ನೂಲು, ಅದನ್ನು ಬೆರಳಲ್ಲೇ ತೂರಿಸಿ, ಮರದ ಹಣಿಗೆಯಿಂದ ತಟ್ಟಿ ಕೂರಿಸುತ್ತಾರೆ. ಹಳೆಯ ಕಂಬಳಿಗಳಲ್ಲಿ ಒಂದೇ ಬಣ್ಣದ ಬಯಲಿನೊಳಗೆ ಓರೆಯಾಗಿ ಸಾಗುವ ಸಣ್ಣ ಗೆರೆಗಳು ಕಾಣುತ್ತವೆ. ಕೈ ಎಟಕುವಷ್ಟು ಅಗಲವನ್ನು ಮೊದಲು ನೇಯ್ದು, ಆಮೇಲೆ ಪಕ್ಕಕ್ಕೆ ಸರಿದು ಕೂತು ಮುಂದುವರಿಸಿದ ಗುರುತು ಅದು. ಚಿತ್ತಾರವನ್ನು ಕಾಗದದ ಮೇಲೆ ಬರೆದುಕೊಳ್ಳುವ ರೂಢಿ ಹಿಂದಿನಿಂದ ಇಲ್ಲ. ಅರ್ಧ ನೇಯ್ದ ಮೇಲೆ ಉಳಿದರ್ಧವನ್ನು ತಲೆಕೆಳಗಾಗಿ ನೆನಪಿನಿಂದಲೇ ತರುತ್ತಾರೆ. ಈ ಲೆಕ್ಕವೆಲ್ಲ ತಲೆಯಲ್ಲೇ ನಡೆಯುತ್ತದೆ ಎನ್ನುವುದಕ್ಕೆ ನನಗಿರುವ ಗೌರವ ವರ್ಷ ಕಳೆದಂತೆ ಹೆಚ್ಚುತ್ತಲೇ ಇದೆ.

ಉಣ್ಣೆಯ ಕಥೆಯನ್ನು ಬಿಟ್ಟು ಈ ಬಟ್ಟೆಯನ್ನು ಮೆಚ್ಚುವುದು ನನ್ನ ಪ್ರಕಾರ ಅರ್ಧ ಮೆಚ್ಚುಗೆ. 1598ರಲ್ಲಿ ಸ್ಪ್ಯಾನಿಷರು ಇತ್ತ ತಂದ ಚುರ್ರೊ ಕುರಿಯ ಉಣ್ಣೆ ಉದ್ದನೆಯದು, ಜಿಡ್ಡು ಕಡಿಮೆ, ನೀರಿಲ್ಲದ ಈ ನಾಡಿನಲ್ಲಿ ಹೆಚ್ಚು ತೊಳೆಯದೆಯೇ ಕೈಯಲ್ಲಿ ನೂಲಬಹುದು. ನವಾಹೊಗಳು ನೇಯ್ಗೆಯನ್ನು ನೆರೆಯ ಮೂಲನಿವಾಸಿಗಳಾದ ಪ್ವೆಬ್ಲೊ ಜನರಿಂದ ಕಲಿತರು ಎಂದು ಇತಿಹಾಸಕಾರರು ಹೇಳುತ್ತಾರೆ. ನವಾಹೊ ಮನೆಗಳಲ್ಲಿ ಹೇಳುವುದು, ಜೇಡಮ್ಮ ಎಂಬ ದೈವ ಕಲಿಸಿದಳು ಎಂದು. ಮಗ್ಗದ ಅಡ್ಡಕೋಲುಗಳು ಆಕಾಶ ಮತ್ತು ಭೂಮಿ, ಹಾಸಿನ ಕೋಲುಗಳು ಸೂರ್ಯಕಿರಣ. ಕ್ಯಾನ್ಯನ್ ಡಿ ಶೇ ಕಣಿವೆಯಲ್ಲಿ ಒಂಟಿಯಾಗಿ ಎದ್ದುನಿಂತ ಕೆಂಪು ಬಂಡೆ ಅವಳ ನೆಲೆ. ಎರಡರಲ್ಲಿ ಯಾವುದು ನಿಜ ಎಂದು ನಾನು ಯಾವತ್ತೂ ಕೇಳಿಲ್ಲ, ನೀವೂ ಕೇಳಬೇಡಿ. 1863-64ರಲ್ಲಿ ಅಮೆರಿಕ ಸೇನೆಯ ಅಧಿಕಾರಿ ಕಿಟ್ ಕಾರ್ಸನ್‌ನ ಪಡೆ ಅದೇ ನಾಡಿನಲ್ಲಿ ಹೊಲಗಳನ್ನು ಸುಟ್ಟು, ಕುರಿಗಳನ್ನು ಕೊಂದು, ಪೀಚ್ ಮರಗಳನ್ನು ಕಡಿದು, ಸಾವಿರಾರು ಜನರನ್ನು ನ್ಯೂ ಮೆಕ್ಸಿಕೊದ ಬಾಸ್ಕೆ ರೆಡೊಂಡೊ ಬಂಧನ ಶಿಬಿರಕ್ಕೆ ನಡೆಸಿಕೊಂಡು ಹೋಯಿತು. 1868ರ ಒಪ್ಪಂದದ ನಂತರ ಅವರು ತಮ್ಮ ನೆಲಕ್ಕೆ ಮರಳಿದರು. ಆ ಒಪ್ಪಂದದಲ್ಲಿ 15,000 ಕುರಿ-ಮೇಕೆಗಳನ್ನು ಕೊಡಿಸುವ ಮಾತೂ ಇತ್ತು. ಮತ್ತೆ 1930ರ ದಶಕದಲ್ಲಿ, ಕುರಿಗಳು ಹೆಚ್ಚು ಮೇಯುವುದರಿಂದ ಮಣ್ಣು ಸವೆಯುತ್ತಿದೆ ಎಂದು ಸರ್ಕಾರವೇ ಹಿಂಡುಗಳನ್ನು ಕಡಿತಗೊಳಿಸಿತು, ಎಷ್ಟೋ ಕುರಿಗಳನ್ನು ಒಡೆಯರ ಕಣ್ಣೆದುರೇ ಕೊಲ್ಲಲಾಯಿತು. 1970ರ ದಶಕದ ಹೊತ್ತಿಗೆ ಚುರ್ರೊ ಅಳಿವಿನಂಚಿಗೆ ಬಂದಿತ್ತು. 1977ರಲ್ಲಿ ಪಶುವಿಜ್ಞಾನಿ ಲೈಲ್ ಮೆಕ್‌ನೀಲ್ ಉಳಿದಿದ್ದ ಕುರಿಗಳನ್ನು ಹುಡುಕಿ ತಳಿ ಬೆಳೆಸುವ ಕೆಲಸ ಶುರುಮಾಡಿದ್ದರಿಂದ ಇವತ್ತು ಮತ್ತೆ ಆ ಉಣ್ಣೆ ಕೈಗೆ ಸಿಗುತ್ತಿದೆ.

ಕೆಂಪಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹತ್ತೊಂಬತ್ತನೇ ಶತಮಾನದ ನವಾಹೊ ಕಂಬಳಿಗಳ ಆ ಗಾಢ ಕೆಂಪು ಬಹಳಷ್ಟು ಸಲ ವ್ಯಾಪಾರದಲ್ಲಿ ಬಂದ ಯುರೋಪಿನ ಉಣ್ಣೆ ಬಟ್ಟೆಯನ್ನು ಎಳೆ ಎಳೆಯಾಗಿ ಬಿಚ್ಚಿ ಪಡೆದದ್ದು. ಅದರ ಬಣ್ಣವನ್ನು ಪರೀಕ್ಷಿಸಿದಾಗ ಹಳೆಯ ತುಣುಕುಗಳಲ್ಲಿ ಅರಗಿನ ಕೆಂಪು ಸಿಕ್ಕಿದೆ. ಅರಗಿನ ಹುಳು ಇರುವುದು ಭಾರತ ಮತ್ತು ಆಗ್ನೇಯ ಏಷ್ಯಾದ ಕಡೆ. ಏಷ್ಯಾದ ಮರದ ಕೊಂಬೆಯಿಂದ ಹೊರಟ ಬಣ್ಣ ಯುರೋಪು ಸುತ್ತಿ ಅರಿಜೋನಾದ ಮಗ್ಗಕ್ಕೆ ಬಂದು ಕೂತಿದೆ.

ನೆಲಕ್ಕೆ ಹಾಸುವ ರಗ್ಗು ತೀರ ಹಳೆಯದಲ್ಲ. ಮೊದಲೆಲ್ಲ ನೇಯುತ್ತಿದ್ದುದು ಹೆಚ್ಚಾಗಿ ಹೊದೆಯಲು, ಉಡಲು. ರೈಲು ಬಂದ ಮೇಲೆ, ಗನಾಡೊದಲ್ಲಿ 1878ರಲ್ಲಿ ನೆಲೆಯೂರಿದ ಹಬ್ಬೆಲ್‌ನಂಥ ವ್ಯಾಪಾರಿಗಳು ಇಂಥ ಅಳತೆ, ಇಂಥ ಬಣ್ಣ, ಸುತ್ತ ಅಂಚುಪಟ್ಟಿ ಎಂದು ಕೇಳತೊಡಗಿದರು. ಊರಿನ ಹೆಸರೇ ಶೈಲಿಯ ಹೆಸರಾಯಿತು: ಗನಾಡೊ ಎಂದರೆ ಕೆಂಪು, ಟೂ ಗ್ರೇ ಹಿಲ್ಸ್ ಎಂದರೆ ಕುರಿಯ ಸಹಜ ಕಂದು, ಬೂದು, ಬಿಳಿ. ಹಾಗಾಗಿ ವ್ಯಾಪಾರಿಗಳೇ ಈ ಶೈಲಿಗಳನ್ನು ಹುಟ್ಟಿಸಿದರು ಎಂದು ಕೆಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಟೂ ಗ್ರೇ ಹಿಲ್ಸ್‌ನ ನೇಕಾರ್ತಿ ಡೇಸಿ ಟಾಗಲ್ಚಿ ಇಂಚಿಗೆ ನೂರಕ್ಕೂ ಮೀರಿ ಹೊಕ್ಕು ಕೂರಿಸಿದ್ದು ಯಾವ ವ್ಯಾಪಾರಿಯ ಬೇಡಿಕೆಯಿಂದಲೂ ಅಲ್ಲ.

ಈಗ ನಿಮ್ಮ ಅಳುಕಿನ ವಿಷಯ. ಬಾರ್ಬರಾ ಟೆಲ್ಲರ್ ಓರ್ನೆಲಾಸ್ ಮತ್ತು ಲಿಂಡಾ ಟೆಲ್ಲರ್ ಪೀಟ್ ಎಂಬ ಅಕ್ಕತಂಗಿಯರು ಐದನೇ ತಲೆಮಾರಿನ ನೇಕಾರರು, ಹೊರಗಿನವರಿಗೂ ಶಿಬಿರಗಳಲ್ಲಿ ಕಲಿಸುತ್ತಾ ಬಂದವರು. ಇಂಥವರ ತರಗತಿ ಯಾವಾಗಿದೆ ಎಂದು ವಿಚಾರಿಸಿ. ಶುರುವಿನಲ್ಲಿ ಪಟ್ಟೆ, ಮೆಟ್ಟಿಲು ಆಕಾರಗಳಷ್ಟೇ ಸಾಕು, ಕೈಗೆ ಬಿಗಿ-ಸಡಿಲ ತಿಳಿಯಬೇಕು. ಯೇ ಎಂಬ ದೈವಗಳ ಆಕೃತಿಗಳನ್ನೂ ಚಿಕಿತ್ಸೆಯ ಆಚರಣೆಗಳಲ್ಲಿ ಬಿಡಿಸುವ ಮರಳುಚಿತ್ರಗಳನ್ನೂ ದಯವಿಟ್ಟು ನೇಯಲು ಹೋಗಬೇಡಿ. ಸ್ವತಃ ಆ ಆಚರಣೆಗಳನ್ನು ನಡೆಸುವ ವೈದ್ಯರಾಗಿದ್ದ ಹೋಸ್ಟೀನ್ ಕ್ಲಾ ಮರಳುಚಿತ್ರಗಳನ್ನು ನೇಯ್ದಾಗ ಅವರ ಜನರಲ್ಲೇ ಹಲವರು ಕಳವಳಪಟ್ಟಿದ್ದರು. ಅಂಚುಪಟ್ಟಿಯನ್ನು ಹಾದು ಹೊರಗೆ ಹೋಗುವ ತೆಳು ಗೆರೆ ಕಂಡರೆ ಅದು ತಪ್ಪಲ್ಲ, ನೇಯ್ದವಳ ಮನಸ್ಸು ಹೊರಬರಲು ಬಿಟ್ಟ ದಾರಿ. ಎಲ್ಲರೂ ಅದನ್ನು ಹಾಕುವುದಿಲ್ಲ.

ಕೊಳ್ಳುವಾಗ ಅಂಚನ್ನು ಕೈಯಲ್ಲಿ ಹಿಡಿದು ನೋಡಿ. ಕತ್ತರಿಸಿದ ಹಾಸಿನ ಎಳೆಗಳು ಕುಚ್ಚಾಗಿ ಇಳಿಬಿದ್ದಿದ್ದರೆ, ಅಥವಾ ಕುಚ್ಚನ್ನು ಒಳಕ್ಕೆ ತುರುಕಿ ಮುಚ್ಚಿದ್ದರೆ, ಅನುಮಾನಪಡಿ. ಗ್ಯಾಲಪ್ ಥ್ರೋ ಎಂಬ ಚಿಕ್ಕ ನೇಯ್ಗೆಗಳಲ್ಲಿ ಮಾತ್ರ ಒಂದು ಕಡೆ ಕುಚ್ಚು ಇರುವುದು ಸಹಜ. ನವಾಹೊ ಚಿತ್ತಾರಗಳ ನಕಲು ಮೆಕ್ಸಿಕೊದಲ್ಲೂ ನಮ್ಮ ದೇಶದಲ್ಲೂ ತಯಾರಾಗಿ ಇಲ್ಲಿಗೆ ಬರುತ್ತದೆ. ಅದನ್ನು ನವಾಹೊ ನೇಯ್ದದ್ದು ಎಂದು ಮಾರುವುದು ಅಮೆರಿಕದ 1990ರ ಕಾಯ್ದೆಯ ಪ್ರಕಾರ ಅಪರಾಧ. ನೇಯ್ದವರ ಹೆಸರು ಕೇಳಿ, ನೇರವಾಗಿ ಅವರಿಂದಲೇ ಕೊಳ್ಳಲಾದರೆ ಇನ್ನೂ ಒಳ್ಳೆಯದು, ಮತ್ತು ಚೌಕಾಶಿ ಬೇಡ. ಉಣ್ಣೆ ಕತ್ತರಿಸಿ, ತೊಳೆದು, ಹಿಂಜಿ, ನೂತು, ಬಣ್ಣ ಕಟ್ಟಿ, ಆಮೇಲೆ ತಿಂಗಳುಗಟ್ಟಲೆ ನೇಯ್ದದ್ದು ಅದು.

ಫೀನಿಕ್ಸ್‌ಗೆ ಬಂದ ಮೇಲೆ ಮೊದಲು ಹರ್ಡ್ ಮ್ಯೂಸಿಯಂ ನೋಡಿ, ಊರಲ್ಲೇ ಇದೆ. ಆಮೇಲೆ ಮಗಳನ್ನು ಕರೆದುಕೊಂಡು ಗನಾಡೊಗೆ ಹೋಗಿ, ಐದು ಗಂಟೆಯ ಆಸುಪಾಸಿನ ಕಾರಿನ ದಾರಿ. ಹಬ್ಬೆಲ್ ಅಂಗಡಿ ಈಗ ರಾಷ್ಟ್ರೀಯ ಐತಿಹಾಸಿಕ ತಾಣ, ಅಂಗಡಿಯಾಗಿಯೂ ನಡೆಯುತ್ತಿದೆ, ರಗ್ಗುಗಳಿಗೇ ಒಂದು ಕೋಣೆಯಿದೆ. ಬೇಸಿಗೆಯಲ್ಲಿ ಹೊರಟರೆ ಒಂದು ನೆನಪಿರಲಿ: ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ರೂಢಿ ಅರಿಜೋನಾದ ಉಳಿದೆಡೆ ಇಲ್ಲ, ನವಾಹೊ ನಾಡಿನಲ್ಲಿದೆ. ಅಲ್ಲಿ ನಿಮಗಿಂತ ಒಂದು ಗಂಟೆ ಮೊದಲೇ ಬಾಗಿಲು ಹಾಕುತ್ತಾರೆ, ಹಾಗಾಗಿ ಬೆಳಗ್ಗೆ ಬೇಗ ಹೊರಡಿ.