ಕೊಲೆಗಾರ ಯಾರೆಂದು ಮೊದಲೇ ಹೇಳಿಬಿಟ್ಟರೆ ನೋಡೋದೇನು?

ಸಾಗರದಿಂದ ನಿವೃತ್ತ ಟೀಚರ್ ಒಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. 'ಕೊಲಂಬೊ' ಎಂಬ ಹಳೆಯ ಅಮೆರಿಕನ್ ಪತ್ತೇದಾರಿ ಧಾರಾವಾಹಿಯ 'ಮರ್ಡರ್ ಬೈ ದ ಬುಕ್' ಎಪಿಸೋಡನ್ನು ತಪ್ಪದೆ ನೋಡಿ ಅಂತ ಹಿಂದಿನ ಸಂಚಿಕೆಯಲ್ಲಿ ನಾನು ಬರೆದಿದ್ದೆ. ಅವರು ಮಗನ ಜತೆ ಕೂತು ನೋಡಿದ್ದಾರೆ. ಬೇಜಾರಾಗಿದೆ. "ಶುರುವಿನಲ್ಲೇ ಕೊಲೆಗಾರನನ್ನು ತೋರಿಸಿಬಿಟ್ಟರು. ಇನ್ನು ನೋಡೋದೇನು? ಮಧ್ಯೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದೆ, ಏನೂ ತಪ್ಪಿಹೋಗಲಿಲ್ಲ. ಕೊನೆಯಲ್ಲಿ ಸಿಕ್ಕ ಸಾಕ್ಷಿಯೂ ಅಷ್ಟಕ್ಕಷ್ಟೆ. ಅದೇ ಕೊಲೆಗಾರ ಬೇರೆ ಎಪಿಸೋಡಿನಲ್ಲೂ ಕೊಲೆಗಾರನಂತೆ, ಮಗ ಹೇಳಿದ. ಅಮೆರಿಕದಲ್ಲಿ ನಟರಿಗೆ ಬರವೇ? ಅಂಗಡಿ ಹೆಂಗಸನ್ನು ನೋಡಿ ಮಾತ್ರ ಪಾಪ ಅನ್ನಿಸಿತು. ಆಕೆ ಯಾರು?"

ಮೇಡಂ, ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾವೆಲ್ಲ ಬಾಡಿಗೆ ಲೈಬ್ರರಿಯ ಪತ್ತೇದಾರಿ ಕಾದಂಬರಿ ಓದಿ ಬೆಳೆದವರು. ಕೊನೆಯ ಹಾಳೆ ಯಾರೋ ಹರಿದುಕೊಂಡಿದ್ದರೆ ಅಂಗಡಿಯವನ ಜತೆ ಜಗಳಕ್ಕೇ ನಿಲ್ಲುತ್ತಿದ್ದೆವು. 'ಯಾರು?' ಅನ್ನೋದೇ ಕಥೆಯ ಜೀವ ಅಂದುಕೊಂಡವರಿಗೆ ಈ ಎಪಿಸೋಡ್ ಕೊನೆಯ ಹಾಳೆಯನ್ನು ಮೊದಲೇ ಕೈಗೆ ಕೊಟ್ಟ ಹಾಗೆ.

ಆದರೆ ಅದು ಬೇಕಂತಲೇ ಮಾಡಿದ್ದು. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಪತ್ತೇದಾರ ಕೊಲಂಬೊನನ್ನು ಸೃಷ್ಟಿ ಮಾಡಿದ ಜೋಡಿ. ಅವರು ಹಾಕಿಕೊಂಡ ನಿಯಮವೇ ಇದು: ಕೊಲೆ ನಮ್ಮ ಕಣ್ಣೆದುರೇ ನಡೀಬೇಕು, ಪತ್ತೇದಾರ ಆಮೇಲೆ ಬರಬೇಕು. ಇದರಿಂದ ನಟರಿಗೆ ಏನಾಗುತ್ತದೆ ನೋಡಿ. ಮಾಮೂಲಿ ಪತ್ತೇದಾರಿ ಕಥೆಯಲ್ಲಿ ಕೊಲೆಗಾರನ ಪಾತ್ರ ಮಾಡಿದವನು ಕೊನೆಯವರೆಗೂ ಮೂಲೆಯಲ್ಲಿ ನಿಂತಿರಬೇಕು. ಐದಾರು ಅನುಮಾನದ ಮುಖಗಳಲ್ಲಿ ಅವನದೂ ಒಂದು. ಜಾಸ್ತಿ ಚೆನ್ನಾಗಿ ನಟಿಸಿದರೆ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ. ಇಲ್ಲಿ ಹಾಗಲ್ಲ. ಒಂದೂಕಾಲು ಗಂಟೆ ಅವನೇ ನಾಯಕ. ಅವನು ಹೇಳುವ ಒಂದೊಂದು ಮಾತೂ ಸುಳ್ಳು ಅಂತ ನಮಗೆ ಗೊತ್ತು. ಆ ಸುಳ್ಳನ್ನು ಎಷ್ಟು ಚೆನ್ನಾಗಿ ಹೇಳುತ್ತಾನೆ ಅನ್ನೋದೇ ಆಟ.

ಈ ಆಟಕ್ಕೆ ಜ್ಯಾಕ್ ಕ್ಯಾಸಿಡಿಗಿಂತ ಒಳ್ಳೆಯ ಆಟಗಾರ ಸಿಗೋದು ಕಷ್ಟವಿತ್ತು. ನಾಟಕರಂಗದಿಂದ ಬಂದವನು, ಹಾಡುಗಾರ, 1964ರಲ್ಲಿ ಅಮೆರಿಕದ ನಾಟಕರಂಗದ ದೊಡ್ಡ ಪ್ರಶಸ್ತಿ ಟೋನಿ ಗೆದ್ದವನು. ಇಲ್ಲಿ ಅವನ ಪಾತ್ರ ಕೆನ್ ಫ್ರ್ಯಾಂಕ್ಲಿನ್, ಒಂದು ಜೋಡಿ ಲೇಖಕರಲ್ಲಿ ಒಬ್ಬ. ಪುಸ್ತಕದ ಮೇಲೆ ಹೆಸರು ಇಬ್ಬರದು. ಬರೆಯೋನು ಮಾತ್ರ ಇನ್ನೊಬ್ಬ, ಜಿಮ್ ಫೆರಿಸ್. ಕೆನ್‌ಗೆ ಬರೋದು ಸಂದರ್ಶನ ಕೊಡೋದು, ಪಾರ್ಟಿಗೆ ಹೋಗೋದು, ದುಡ್ಡು ಉಡಾಯಿಸೋದು. (ಸಂಪಾದಕನಾಗಿ ಇಂಥವರನ್ನು ನಾನು ನೋಡಿಲ್ಲ ಅಂತೇನಿಲ್ಲ. ಪುಣ್ಯಕ್ಕೆ ಯಾರೂ ಯಾರನ್ನೂ ಕೊಂದಿಲ್ಲ.) ಇನ್ನು ಒಬ್ಬನೇ ಬರೀತೀನಿ ಅಂತ ಜಿಮ್ ಹೇಳಿದ ಮೇಲೆ ಕೆನ್ ಅವನನ್ನು ನಯವಾಗಿ ಮಾತಾಡಿಸಿ ದೂರದ ತನ್ನ ರಜಾ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿಂದ ಜಿಮ್ ಕೈಲಿ ಅವನ ಹೆಂಡತಿಗೆ ಫೋನ್ ಮಾಡಿಸಿ, ಆಫೀಸಿನಲ್ಲೇ ಇದ್ದೀನಿ ಅಂತ ಸುಳ್ಳು ಹೇಳಿಸಿ, ಮಾತು ಮುಗಿಯೋ ಮೊದಲೇ ಗುಂಡು ಹಾರಿಸುತ್ತಾನೆ. ಇಷ್ಟೆಲ್ಲ ಮಾಡಿಯೂ ಕ್ಯಾಸಿಡಿಯ ಮುಖದ ನಗು ಮಾಸೋದಿಲ್ಲ. ಆ ಹಲ್ಲುಗಳನ್ನು ನೋಡಿದರೇ ನನಗೆ ಮೈ ಜುಮ್ಮೆನ್ನುತ್ತದೆ.

ನಿಮ್ಮ ಮಗ ಹೇಳಿದ್ದು ಸರಿ. ಕ್ಯಾಸಿಡಿ 1974ರಲ್ಲಿ ಪ್ರಕಾಶಕನಾಗಿ, 1976ರಲ್ಲಿ ಜಾದೂಗಾರನಾಗಿ ಮತ್ತೆರಡು ಸಲ ಕೊಲಂಬೊ ಕೈಗೆ ಸಿಕ್ಕಿಬಿದ್ದ. ನಟರ ಬರದಿಂದಲ್ಲ ಮೇಡಂ, ಜನಕ್ಕೆ ಅವನೇ ಬೇಕಾಗಿತ್ತು. ನಮ್ಮಲ್ಲೂ ಒಬ್ಬರೇ ಖಳನಟರು ಎಷ್ಟು ಸಿನಿಮಾದಲ್ಲಿ ಹೊಡೆತ ತಿಂದಿಲ್ಲ? 1976ರ ಡಿಸೆಂಬರ್‌ನಲ್ಲಿ ಮನೆಗೆ ಬೆಂಕಿ ಬಿದ್ದು ಅವನು ಸತ್ತ. ಇಲ್ಲದಿದ್ದರೆ ನಾಲ್ಕನೇ ಸಲವೂ ಕರೆಸುತ್ತಿದ್ದರೋ ಏನೋ.

ಸತ್ತ ಜಿಮ್ ಪಾತ್ರದಲ್ಲಿ ಮಾರ್ಟಿನ್ ಮಿಲ್ನರ್. ಇದೊಂದು ಜಾಣತನದ ಆಯ್ಕೆ. ಆಗ ಅದೇ ಎನ್‌ಬಿಸಿ ಚಾನೆಲ್ಲಿನಲ್ಲಿ 'ಆ್ಯಡಂ-12' ಅಂತ ಇನ್ನೊಂದು ಪೊಲೀಸ್ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಇವನು ಪ್ರಾಮಾಣಿಕ ಪೊಲೀಸ್. ವಾರ ವಾರ ನೋಡಿ ಮನೆಯವನೇ ಆಗಿದ್ದ ಮುಖ. ಆ ಮುಖದ ಮೇಲೆ ಕೆನ್ ಬಂದೂಕು ಹಿಡಿದಾಗ ಅಲ್ಲಿನ ಜನ ಬೆಚ್ಚಿರಬೇಕು. ಮೊದಲ ದೃಶ್ಯದಲ್ಲಿ ಅವನು ಹಾಗೆ ಬಂದೂಕು ಹಿಡಿಯೋದು ಬರೀ ತಮಾಷೆಗೆ.

ಆ ಮೊದಲ ದೃಶ್ಯವನ್ನೇ ಇನ್ನೊಂದು ಸಲ ಹಾಕಿ ನೋಡಿ. ಸಂಗೀತ ಇಲ್ಲ. ಟೈಪ್‌ರೈಟರ್ ಸದ್ದು ಮಾತ್ರ. ಜಿಮ್ ಎತ್ತರದ ಕಟ್ಟಡದಲ್ಲಿ ಕೂತು ಟೈಪ್ ಮಾಡುತ್ತಿದ್ದಾನೆ. ಕೆಳಗೆ ರಸ್ತೆಯಲ್ಲಿ ಕೆನ್‌ನ ಕಾರು ಬರುತ್ತಿದೆ. ಕಾರು ತೋರಿಸಿದಾಗಲೂ ಕೇಳೋದು ಅದೇ ಟಕ ಟಕ. ಬರೆಯೋನು ಯಾರು, ಬರೆಯದೆ ಬರ್ತಿರೋನು ಯಾರು, ಒಂದು ಮಾತಿಲ್ಲದೆ ಗೊತ್ತಾಗಿಬಿಡುತ್ತದೆ. ಇದನ್ನು ತೆಗೆದ ನಿರ್ದೇಶಕನಿಗೆ ಆಗ 24 ವರ್ಷ. ಹೆಸರು ಸ್ಟೀವನ್ ಸ್ಪೀಲ್‌ಬರ್ಗ್. 1971ರ ಸೆಪ್ಟೆಂಬರ್ 15ರಂದು ಇದು ಪ್ರಸಾರವಾದಾಗ ಆ ಹೆಸರು ಯಾರಿಗೂ ದೊಡ್ಡದಲ್ಲ. ಕಥೆ ಬರೆದ ಸ್ಟೀವನ್ ಬಾಚ್ಕೊ ಕೂಡ ಹುಡುಗನೇ. ಮುಂದೆ 'ಹಿಲ್ ಸ್ಟ್ರೀಟ್ ಬ್ಲೂಸ್' ಮಾಡಿ ಪೊಲೀಸ್ ಧಾರಾವಾಹಿಗಳ ದಿಕ್ಕನ್ನೇ ತಿರುಗಿಸಿದವನು.

ಇನ್ನು ಕೊಲಂಬೊ. ಈ ಪಾತ್ರಕ್ಕೆ ಹಾಡುಗಾರ ಬಿಂಗ್ ಕ್ರಾಸ್ಬಿಯನ್ನೂ ಕೇಳಿದ್ದರು. ಅವನು ಒಲ್ಲೆ ಅಂದಿದ್ದು ಒಳ್ಳೆಯದೇ ಆಯಿತು. ಕೊಲಂಬೊ ಆದ ಪೀಟರ್ ಫಾಲ್ಕ್‌ಗೆ ಮೂರನೇ ವಯಸ್ಸಿನಲ್ಲೇ ಬಲಗಣ್ಣು ಹೋಗಿತ್ತು. ಗಾಜಿನ ಕಣ್ಣು. ಆ ವಾರೆ ನೋಟ ನಟನೆಯಲ್ಲ, ಅವನದೇ. ಮುದುಡಿದ ಆ ರೇನ್‌ಕೋಟೂ ಅವನ ಮನೆಯದ್ದೇ. ಈ ಪಾತ್ರಕ್ಕೆ ಅವನಿಗೆ ಟಿವಿ ಲೋಕದ ಎಮ್ಮಿ ಪ್ರಶಸ್ತಿ ನಾಲ್ಕು ಸಲ ಬಂತು. ಆದರೆ ಈ ಎಪಿಸೋಡಿನಲ್ಲಿ ಅವನು ಮಾಡೋ ಮೊದಲ ಮುಖ್ಯ ಕೆಲಸ ಯಾವುದು ಗಮನಿಸಿದಿರಾ? ಗಂಡನಿಗೆ ಗುಂಡು ಬಿದ್ದ ಸದ್ದನ್ನು ಫೋನಿನಲ್ಲೇ ಕೇಳಿದ ಜೋಆನಾಳನ್ನು (ರೋಸ್‌ಮೆರಿ ಫೋರ್ಸೈತ್) ಮನೆಗೆ ಕರೆದೊಯ್ದು ಆಮ್ಲೆಟ್ ಮಾಡಿಕೊಡುತ್ತಾನೆ. ಬೇರೆಯವರ ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುತ್ತಾ, ಹರಟುತ್ತಾ, ನಡುನಡುವೆ ಒಂದೊಂದು ಪ್ರಶ್ನೆ. ಸಾವಿನ ಮನೆಗೆ ಪಕ್ಕದವರು ಅನ್ನ ಸಾರು ತಂದುಕೊಟ್ಟ ಹಾಗೇ ಇದೆ ನೋಡೋಕೆ.

ಸಾಕ್ಷಿಯ ವಿಷಯದಲ್ಲಿ ನಿಮ್ಮದೇ ಗೆಲುವು. ಜಿಮ್ ಯಾವತ್ತೋ ಬರೆದಿಟ್ಟ ಚೀಟಿಯಲ್ಲಿ ಈ ಕೊಲೆಯ ಉಪಾಯವೇ ಕಥೆಯ ಹೊಳಹಾಗಿ ಸಿಗುತ್ತದೆ, ಕೆನ್ ಕೈಚೆಲ್ಲಿ ಒಪ್ಪಿಕೊಂಡುಬಿಡುತ್ತಾನೆ. ನಮ್ಮೂರಿನ ಜೂನಿಯರ್ ವಕೀಲರೊಬ್ಬರು ಸಾಕು, ಅದನ್ನು ಕೋರ್ಟಿನಲ್ಲಿ ಹತ್ತು ನಿಮಿಷಕ್ಕೆ ಹಾರಿಸಿಬಿಡೋಕೆ. ನನಗೆ ಇಷ್ಟವಾದ ಸುಳಿವು ಬೇರೆ. ಕೆನ್ ಗೆಳೆಯನ ಹೆಣವನ್ನು ಊರಿನ ತನ್ನ ಮನೆಯಂಗಳಕ್ಕೇ ತಂದು ಹಾಕಿ, ಆಮೇಲೆ ಅದನ್ನು 'ಕಂಡು' ಪೊಲೀಸರನ್ನು ಕರೆಸುತ್ತಾನಲ್ಲ, ಅದರ ನಡುವೆಯೇ ಅವತ್ತಿನ ಟಪಾಲು ಒಡೆದು ನೋಡಿರುತ್ತಾನೆ. ಬಿಲ್ಲುಗಳು! ಕೊಲಂಬೊಗೆ ಅದೇ ಚುಚ್ಚುತ್ತದೆ. ಹೆಣ ಹೊರಗಿರುವಾಗ ಯಾರು ಕರೆಂಟ್ ಬಿಲ್ ಓದುತ್ತಾ ಕೂರುತ್ತಾರೆ? ಕೋರ್ಟಿಗೆ ಅದೂ ಸಾಲದು. ಆದರೆ ಮನುಷ್ಯ ಹೇಗೆ ಸಿಕ್ಕಿಬೀಳುತ್ತಾನೆ ಅನ್ನೋದಕ್ಕೆ ಅಷ್ಟು ಸಾಕು. ಒಪ್ಪಿಕೊಳ್ಳುವಾಗಲೂ ಕೆನ್‌ಗೆ ಇರೋ ಕೊರಗು ಒಂದೇ. ಆ ಉಪಾಯ ಅವನದೇ ಅಂತೆ. ಜೀವನದಲ್ಲಿ ಅವನಿಗೆ ಹೊಳೆದ ಒಂದೇ ಒಂದು ಒಳ್ಳೆಯ ಕಥೆ. ಜಿಮ್ ಅದನ್ನು ಬರೆದಿಟ್ಟುಕೊಳ್ಳುತ್ತಾನೆ ಅಂತ ಯಾರಿಗೆ ಗೊತ್ತಿತ್ತು ಅನ್ನುತ್ತಾನೆ.

ನಿಮ್ಮ ಕೊನೆಯ ಪ್ರಶ್ನೆ. ಅಂಗಡಿ ಹೆಂಗಸು ಲಿಲಿ ಲಾ ಸಾಂಕಾ. ಜಿಮ್ ಆ ದಿನ ಕೆನ್‌ನ ಕಾರಿನಲ್ಲಿ ಕೂತಿದ್ದನ್ನು ಕಂಡವಳು ಅವಳೊಬ್ಬಳೇ. ಬಾಯಿ ಮುಚ್ಚಿಕೊಂಡಿರೋಕೆ 15,000 ಡಾಲರ್ ಕೇಳುತ್ತಾಳೆ. ಲೆಕ್ಕಕ್ಕೆ ಇದು ಬ್ಲ್ಯಾಕ್‌ಮೇಲ್. ಆದರೆ ನಟಿ ಬಾರ್ಬರಾ ಕೋಲ್ಬಿ ಅದನ್ನು ಬ್ಲ್ಯಾಕ್‌ಮೇಲ್ ಥರ ಮಾಡೋದೇ ಇಲ್ಲ. ಅವಳಿಗೆ ಬೇಕಿದ್ದದ್ದು ದುಡ್ಡಿಗಿಂತ ಅವನ ಜತೆ ಕೂತು ಒಂದು ಊಟ ಅನ್ನಿಸಿಬಿಡುತ್ತದೆ. ಶಾಂಪೇನ್ ಬಾಟಲಿ ಹಿಡಿದು ಅವನು ಬಂದಾಗ ಅವಳ ಮುಖ ಅರಳುತ್ತದೆ. ಅದೇ ಬಾಟಲಿಯಲ್ಲಿ ಅವನು ಅವಳನ್ನು ಹೊಡೆಯೋದು. ಜಿಮ್ ಸತ್ತಾಗ ಆಗದ ಸಂಕಟ ಇಲ್ಲಾಗುತ್ತದೆ. ನಿಮಗೂ ಹಾಗೇ ಆಗಿದೆ.

ಕೋಲ್ಬಿ 1975ರ ಜುಲೈನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗುಂಡೇಟಿಗೆ ಸತ್ತಳು. 36 ವರ್ಷ. 'ಫಿಲಿಸ್' ಎಂಬ ಹೊಸ ಧಾರಾವಾಹಿಯಲ್ಲಿ ಒಳ್ಳೆಯ ಪಾತ್ರ ಸಿಕ್ಕಿ ಕೆಲಸ ಆಗಷ್ಟೇ ಶುರುವಾಗಿತ್ತು. ಹೊಡೆದವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಒಗ್ಗರಣೆಗೆ ನೀವು ಎದ್ದು ಹೋಗಿದ್ದು ಯಾವ ಹೊತ್ತಿಗೆ ಅಂತ ಬರೆದಿಲ್ಲ. ಮೋಂಬತ್ತಿ ಹಚ್ಚಿಟ್ಟ ಆ ಊಟದ ದೃಶ್ಯ ತಪ್ಪಿಹೋಗಿದ್ದರೆ ಇನ್ನೊಂದು ಸಲ ಹಾಕಿ ನೋಡಿ. ಸಾರು ಆಮೇಲೆ ಮಾಡಿದರಾಯಿತು.

– ಸಂಪಾದಕ