ದಿನಕ್ಕೊಂದು ಆಲ್ಬಂ ಕೇಳಿ ಸ್ಟಾರ್ ಕೊಡೋದು ನಿಲ್ಲಿಸಿ, ಮೊದಲು ಬೇಸ್ ಹಿಡಿಯಿರಿ

ದಿನಕ್ಕೊಂದು ಆಲ್ಬಂ ಕೇಳಿ, ಸ್ಟಾರ್ ಕೊಟ್ಟು ನೀವು ಹಾಕಿರುವ ಪಟ್ಟಿ ಪೂರ್ತಿ ಓದಿದೆ ಬ್ರದರ್. ಇವತ್ತು ಜ್ಯಾಜ್, ನಾಳೆ ರೆಗೆ, ನಾಡಿದ್ದು ಮೆಟಲ್. ಆಫೀಸಿಗೆ ಹೋಗುವಾಗ ಶಫಲ್‌ನಲ್ಲಿ (ಹಾಡುಗಳ ಕ್ರಮ ಕಲಸಿ) ಒಂದು ಸಲ ಕೇಳಿ, ರಾತ್ರಿ ಸ್ಟಾರ್ ಕೊಟ್ಟಿದ್ದೀರಿ. ಮೈಲ್ಸ್ ಡೇವಿಸ್ ಅವರ ಜ್ಯಾಜ್ ಆಲ್ಬಂ ‘ಕೈಂಡ್ ಆಫ್ ಬ್ಲೂ’ಗೆ ಎರಡೇ ಸ್ಟಾರ್, ಏನೂ ನಡೆಯೋದೇ ಇಲ್ಲ ಅಂತ ಕಾರಣ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಹಿಂದೆ ಹೀಗೇ ಕೇಳುತ್ತಿದ್ದವನು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನಗೆ ಕೆಲಸಕ್ಕೆ ಬಂದ ದಾರಿ ಒಂದೇ. ಮೊದಲ ಸಲ ಬೇಸ್ (ಅಡಿಯಲ್ಲಿ ತಗ್ಗು ಸ್ವರ ನುಡಿಸುವ ವಾದ್ಯ) ಒಂದನ್ನೇ ಹಿಡಿದು ಕೇಳಿ. ಟ್ಯೂನ್, ಸೋಲೋ (ಒಬ್ಬರೇ ಮುಂದೆ ಬಂದು ನುಡಿಸುವುದು) ಎಲ್ಲ ಆಮೇಲೆ.

‘ಕೈಂಡ್ ಆಫ್ ಬ್ಲೂ’ ತಗೊಳ್ಳಿ. 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡೇ ದಿನದ ರೆಕಾರ್ಡಿಂಗ್. ಮೊದಲ ಟ್ರ್ಯಾಕ್ ‘ಸೋ ವಾಟ್’ನಲ್ಲಿ ಟ್ಯೂನ್ ನುಡಿಸುವುದೇ ಪಾಲ್ ಚೇಂಬರ್ಸ್‌ ಬೇಸ್. ಅದು ಒಂದು ಮಾತು ಆಡುತ್ತದೆ, ಪಿಯಾನೊ ಎರಡೇ ಹೊಡೆತದಲ್ಲಿ ಉತ್ತರ ಕೊಡುತ್ತದೆ. ಸ್ವಲ್ಪ ಹೊತ್ತಿಗೆ ಆ ಉತ್ತರಕ್ಕೆ ಟ್ರಂಪೆಟ್, ಸ್ಯಾಕ್ಸ್ ಕೂಡ ಸೇರುತ್ತವೆ. ಆಮೇಲೆ ಮೈಲ್ಸ್ ಡೇವಿಸ್ ಟ್ರಂಪೆಟ್ ಸೋಲೋ ಶುರುವಾಗುವ ಜಾಗದಲ್ಲಿ ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್ (ಲೋಹದ ತಟ್ಟೆ) ಮೇಲೆ ಒಂದೇ ಒಂದು ದೊಡ್ಡ ಪೆಟ್ಟು ಕೊಡುತ್ತಾರೆ. ಅದು ನಿಧಾನಕ್ಕೆ ಕರಗುವವರೆಗೂ ಕಿವಿ ಬಿಡಬೇಡಿ. ಏನೂ ನಡೆಯೋದಿಲ್ಲ ಅಂದ್ರಲ್ಲ, ಅಷ್ಟರಲ್ಲೇ ಎಷ್ಟು ನಡೆದಿದೆ ನೋಡಿ.

ನೀವು ಕರ್ನಾಟಕ ಸಂಗೀತ ಕಲಿತವರು ಅಂತ ಬರೆದಿದ್ದೀರಿ. ಹಾಗಿದ್ರೆ ಇನ್ನೂ ಸುಲಭ. ಆ ಟ್ರ್ಯಾಕಿನ ಸ್ವರಗಳು ಖರಹರಪ್ರಿಯ ಮೇಳದವೇ (ಮೇಳ ಅಂದರೆ ಏಳು ಸ್ವರಗಳ ಸಾಲು). ಮೊದಲ 16 ಬಾರ್ (ತಾಳದ ಸುತ್ತು) ಬಿಳಿ ಎರಡು ಶ್ರುತಿ, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆ, ಮುಂದಿನ 8 ಬಾರ್ ಅದೇ ಮೇಳ ಕಪ್ಪು ಎರಡಕ್ಕೆ ಏರುತ್ತದೆ, ಕೊನೆಯ 8 ಬಾರ್‌ಗೆ ಮತ್ತೆ ಬಿಳಿ ಎರಡು. ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಶ್ರುತಿ ಹಿಡಿದು ನೋಡಿ. ಆದರೆ ರಾಗ ಹುಡುಕಬೇಡಿ. ಗಮಕ (ಸ್ವರದ ತೂಗಾಟ) ಇಲ್ಲ, ಸಂಚಾರದ (ಸ್ವರಗಳ ನಡೆಯ) ನಿಯಮ ಇಲ್ಲ, ಸ್ವರಗಳು ಮಾತ್ರ ಅವು. ಇನ್ನೊಂದು ವಿಷಯ. ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಇದ್ದರೆ ಮೊದಲ ಬದಿಯ ಶ್ರುತಿ ಹಾರ್ಮೋನಿಯಂಗೆ ಸರಿಯಾಗಿ ಕೂರುವುದಿಲ್ಲ. ಟೇಪಿನ ವೇಗದ ತಪ್ಪಿನಿಂದ ಅದು ತುಸು ಮೇಲಿದೆ. 1992ರ ಸಿಡಿಯಲ್ಲಿ ಸರಿ ಮಾಡಿದರು. ಅಲ್ಲಿಂದ ಈಚೆಯದನ್ನೇ ತಗೊಳ್ಳಿ.

ಬಾಬ್ ಮಾರ್ಲಿಯ ರೆಗೆ ಆಲ್ಬಂ ‘ಎಕ್ಸೋಡಸ್’ ತೆಳು ಅಂದಿದ್ದೀರಿ. ಫೋನಿನ ಸ್ಪೀಕರ್‌ನಲ್ಲಿ ಕೇಳಿದ್ರಿ, ಅಲ್ವಾ? ಆ ಸ್ಪೀಕರ್‌ನಲ್ಲಿ ಬೇಸ್ ಬರುವುದೇ ಇಲ್ಲ. ಆ್ಯಸ್ಟನ್ ಬ್ಯಾರೆಟ್ ಬೇಸ್ ತೆಗೆದರೆ ಆ ಆಲ್ಬಂನಲ್ಲಿ ಅರ್ಧವೂ ಉಳಿಯುವುದಿಲ್ಲ. ಡ್ರಮ್ಸ್ ಅವರ ತಮ್ಮ ಕಾರ್ಲ್ಟನ್. ಇಬ್ಬರೂ ಎಲ್ಲೆಲ್ಲಿ ಸುಮ್ಮನಿರುತ್ತಾರೆ ಅನ್ನೋದನ್ನೂ ಗಮನಿಸಿ. ಹಾಗಂತ ಬೇಸ್ ಬೂಸ್ಟ್ ಅಂತ ದೊಡ್ಡದಾಗಿ ಬರೆದಿರುವ ಹೆಡ್‌ಫೋನ್ ಕೊಳ್ಳಲು ಓಡಬೇಡಿ. ಅವುಗಳಲ್ಲಿ ಬರೀ ಗುಡುಗುಡು, ಸ್ವರ ಯಾವುದು ಅಂತಲೇ ಗೊತ್ತಾಗುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಕಾಸ್ ಪೋರ್ಟಾ ಪ್ರೊ ಹೆಡ್‌ಫೋನ್ ಸಾಕು. 1984ರಿಂದ ಇದೆ, ಇವತ್ತಿಗೂ ನನಗೆ ಇಷ್ಟ. ಜಾಸ್ತಿ ಹಾಕುವುದಾದರೆ ಸೆನ್‌ಹೈಸರ್ ಎಚ್‌ಡಿ 600. ಎರಡರಲ್ಲೂ ಹೊರಗಿನ ಸದ್ದು ಒಳಗೆ ಬರುತ್ತದೆ, ಬಸ್ಸಿಗೆ ಆಗುವುದಿಲ್ಲ. ಮನೆಯಲ್ಲಿ ಕೂತು ಕೇಳಿ.

ಶಫಲ್ ಅಂತೂ ದಯವಿಟ್ಟು ಬಿಡಿ. ಪಿಂಕ್ ಫ್ಲಾಯ್ಡ್ ತಂಡದ ‘ಡಾರ್ಕ್ ಸೈಡ್ ಆಫ್ ದ ಮೂನ್’ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ, ಹಾಡಿಗೆ ಹಾಡು ಅಂಟಿಕೊಂಡಿವೆ. ಆ್ಯಪಿನಲ್ಲಿ ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದಿರುವುದು) ಆನ್, ಕ್ರಾಸ್‌ಫೇಡ್ (ಒಂದು ಹಾಡು ಇನ್ನೊಂದರ ಮೇಲೆ ಕರಗುವುದು) ಸೊನ್ನೆ ಮಾಡಿ. ಹಿಂದುಸ್ತಾನಿ ಆಲ್ಬಂ ‘ಕಾಲ್ ಆಫ್ ದ ವ್ಯಾಲಿ’ಯನ್ನೂ ಶಫಲ್ ಮಾಡಿ ಎಲ್ಲ ಒಂದೇ ತರ ಅಂದದ್ದು ನೋಡಿ ನಿಜವಾಗಲೂ ಸಂಕಟವಾಯಿತು. ಅದು ಒಬ್ಬ ಕುರಿಗಾಹಿಯ ಒಂದು ದಿನ. ಬೆಳಗಿನ ಅಹಿರ್ ಭೈರವ್‌ನಿಂದ ರಾಗಗಳು ಹೊತ್ತಿಗೆ ತಕ್ಕಂತೆ ರಾತ್ರಿಗೆ ನಡೆಯುತ್ತವೆ. ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು ಎಲ್ಲರಿಗೂ ಗೊತ್ತು. ನೀವು ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್ ಹಿಡಿದು ಒಂದು ಸಲ ಕೇಳಿ. ಇಲ್ಲಿ ಬೇಸ್ ಇಲ್ಲ, ಹಾಗಾಗಿ ನನ್ನ ದಾರಿ ಇಲ್ಲಿ ನಡೆಯುವುದಿಲ್ಲ.

ಮೆಟಲ್‌ನಲ್ಲೂ ಸ್ವಲ್ಪ ಕಷ್ಟ, ಬೇಸ್ ಗಿಟಾರಿನ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಬ್ಲ್ಯಾಕ್ ಸಬ್ಬತ್ ತಂಡದ ‘ಪ್ಯಾರನಾಯ್ಡ್’ನಿಂದ ಶುರು ಮಾಡಿ, ಗೀಜರ್ ಬಟ್ಲರ್ ಬೇಸ್ ಚೆನ್ನಾಗಿ ಕೇಳಿಸುತ್ತದೆ. ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಕೇಳಿ ತಲೆನೋವು ಅಂದಿದ್ದೀರಿ, ಅದು ಮಾತ್ರ ನಿಮ್ಮ ತಪ್ಪಲ್ಲ. 2008ರಲ್ಲಿ ಬಂದಾಗಲೇ ಸದ್ದು ಅತಿಯಾಗಿ ಒತ್ತಿ, ಎಲ್ಲವನ್ನೂ ಒಂದೇ ಸಮ ಜೋರು ಮಾಡಿದ್ದಾರೆ ಅಂತ ಕೇಳುಗರು ಗಲಾಟೆ ಮಾಡಿದ್ದರು. ವಾಲ್ಯೂಮ್ ಇಳಿಸಿ ಕೇಳಿ, ಹಾಡುಗಳಿಗೆ ಸ್ಟಾರ್ ಕಡಿಮೆ ಮಾಡಬೇಡಿ.

ಬ್ರಯನ್ ಈನೋ ಆಲ್ಬಂ ಇನ್ನೂ ಕೇಳಿಲ್ಲ ಅಂದ್ರಿ. ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ಗೆ ಹೆಡ್‌ಫೋನೇ ಬೇಡ. ಕೋಣೆಯ ಸ್ಪೀಕರ್‌ನಲ್ಲಿ, ಫ್ಯಾನಿನ ಸದ್ದಿಗಿಂತ ಚೂರು ಮಾತ್ರ ಮೇಲೆ ಇಟ್ಟು, ನಿಮ್ಮ ಕೆಲಸ ಮಾಡಿಕೊಳ್ಳಿ. ಅದಕ್ಕೂ ಮೊದಲು, ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ನಮ್ಮ ಕಲಾವಿದರ ಜೊತೆ ಕಟ್ಟಿದ ಶಕ್ತಿ ತಂಡದ 1976ರ ಲೈವ್ ಆಲ್ಬಂ ಮುಗಿಸಿ. ಅದರಲ್ಲಿ ಹಿಡಿಯಬೇಕಾದದ್ದು ವಿನಾಯಕರಾಂ ಘಟ. ಮೆಕ್‌ಲಾಫ್ಲಿನ್ ಗಿಟಾರ್ ಎರಡನೇ ಸಲಕ್ಕೆ ಇರಲಿ.